ಪದಚರ್ಚೆ: ಐರ್ಲೆಂಡಿನ ರೈತರು ಕಟ್ಟುತ್ತಿದ್ದ ‘ಲ್ಯಾಂಡ್ ಆನ್ಯುಯಿಟಿ’ಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಐರ್ಲೆಂಡ್ ಸ್ವತಂತ್ರವಾದ ಮೇಲಿನ ಮೊದಲ ಹದಿನೈದು ವರ್ಷಗಳ ಆರ್ಥಿಕ, ಸಾಮಾಜಿಕ ಸ್ಥಿತಿಯ ಬಗ್ಗೆ ಪದವಿ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸುಂಕ, ಪಿಂಚಣಿ, ವಲಸೆ, ನಿರುದ್ಯೋಗ ಮುಂತಾದ ಪದಗಳಿಂದ ತೊಡಕಿಲ್ಲ. ಜಮೀನಿಗೆ ಸಂಬಂಧಿಸಿದ ಕೆಲವು ಪದಗಳು ಮಾತ್ರ ಮುಂದೆ ಹೋಗಲು ಬಿಡುತ್ತಿಲ್ಲ. ಅವುಗಳಲ್ಲಿ ‘ಲ್ಯಾಂಡ್ ಆನ್ಯುಯಿಟಿ’ ದೊಡ್ಡದು. ಇದಕ್ಕೆ ಯಾವ ಕನ್ನಡ ಪದ ಹಾಕಿದರೂ ಒಂದು ರಾಜಕೀಯ ಪಕ್ಷದ ವಾದವನ್ನು ಒಪ್ಪಿಕೊಂಡಂತೆ ಆಗುತ್ತಿದೆ. ಹಾಗಾಗಿ ಸ್ವಲ್ಪ ವಿವರವಾಗಿ ಕೇಳುತ್ತೇನೆ.

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಐರ್ಲೆಂಡಿನ ಬಹುಪಾಲು ಹೊಲ ದೊಡ್ಡ ಜಮೀನುದಾರರದು, ಉಳುವವರು ಗೇಣಿದಾರರು. ಭೂಹೋರಾಟಗಳಿಗೆ ಮಣಿದು ಬ್ರಿಟಿಷ್ ಸರ್ಕಾರ ಒಂದರ ಮೇಲೊಂದು ಕಾಯ್ದೆ ತಂದಿತು. ಸರ್ಕಾರ ಸಾಲ ಕೊಡುತ್ತದೆ, ಆ ಹಣ ಜಮೀನುದಾರನಿಗೆ ಹೋಗುತ್ತದೆ, ಗೇಣಿದಾರ ಒಡೆಯನಾಗುತ್ತಾನೆ, ಸಾಲವನ್ನು ವರ್ಷ ವರ್ಷ ತೀರಿಸುತ್ತಾನೆ. 1903ರ ವಿಂಡಮ್ ಕಾಯ್ದೆಯ ಪ್ರಕಾರ ಬಡ್ಡಿ, ಅಸಲು ಎರಡೂ ಸೇರಿ ವರ್ಷಕ್ಕೆ ಸಾಲದ ಶೇ. 3.25ರಷ್ಟು ಕಟ್ಟಬೇಕು, ಅದೂ 68 ವರ್ಷ 6 ತಿಂಗಳು. ಅಂದರೆ ಸಹಿ ಹಾಕಿದವನ ಮೊಮ್ಮಕ್ಕಳ ಕಾಲಕ್ಕೆ ತೀರುವ ಲೆಕ್ಕ. ಈ ಪಾವತಿಗೇ ಲ್ಯಾಂಡ್ ಆನ್ಯುಯಿಟಿ ಎಂದು ಹೆಸರು.

1922ರ ಡಿಸೆಂಬರಿನಲ್ಲಿ ಐರಿಷ್ ಫ್ರೀ ಸ್ಟೇಟ್ ಹುಟ್ಟಿತು. ಬೆಲ್‌ಫಾಸ್ಟಿನ ಹಡಗುಕಟ್ಟೆ, ಲಿನನ್ ಗಿರಣಿಗಳು ಗಡಿಯ ಆಚೆ, ಬ್ರಿಟನ್ನಿನ ಆಳ್ವಿಕೆಯಲ್ಲೇ ಮುಂದುವರಿದ ಉತ್ತರದಲ್ಲಿ ಉಳಿದವು. ಹೊಸ ನಾಡಿನ ಪಾಲಿಗೆ ಬಂದದ್ದು ಮುಖ್ಯವಾಗಿ ದನ, ಬೆಣ್ಣೆ, ಹುಲ್ಲುಗಾವಲು. ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೇಸಾಯದಲ್ಲಿದ್ದರು; ರಫ್ತಿನ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಬ್ರಿಟನ್ನಿಗೇ ಹೋಗುತ್ತಿತ್ತು. ಅಂತರ್ಯುದ್ಧ ಮುಗಿದ ಮರುವರ್ಷ, 1924ರಲ್ಲಿ, ಬೊಕ್ಕಸ ಬರಿದಾಗಿದೆಯೆಂದು ಅರ್ಥಮಂತ್ರಿ ಅರ್ನೆಸ್ಟ್ ಬ್ಲೈತ್ ವೃದ್ಧಾಪ್ಯ ಪಿಂಚಣಿಯನ್ನು ವಾರಕ್ಕೆ 10 ಷಿಲಿಂಗಿನಿಂದ 9 ಷಿಲಿಂಗಿಗೆ ಇಳಿಸಿದರು. ಅದೇ ಸರ್ಕಾರ ರೈತರಿಂದ ಆನ್ಯುಯಿಟಿ ವಸೂಲು ಮಾಡಿ ವರ್ಷಕ್ಕೆ ಸುಮಾರು 30 ಲಕ್ಷ ಪೌಂಡನ್ನು ಲಂಡನ್ನಿಗೆ ಕಳಿಸುತ್ತಿತ್ತು. ಮುದುಕರ ಕೈಯಿಂದ ಒಂದು ಷಿಲಿಂಗ್ ಕಿತ್ತುಕೊಂಡ ಬೊಕ್ಕಸವೇ ಇದನ್ನು ಹೊರಗೆ ಕಳಿಸುತ್ತಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ, ಆಗಿನ ಸಿಟ್ಟು ಎಂಥದ್ದೆಂದು ತಿಳಿಯುತ್ತದೆ.

ಈಗ ಪದಕ್ಕೆ ಬರುತ್ತೇನೆ. ನಿಘಂಟುಗಳಲ್ಲಿ ಆನ್ಯುಯಿಟಿಗೆ ಸಿಗುವುದು ‘ವರ್ಷಾಶನ’. ಮಠಕ್ಕೋ ಪುರೋಹಿತರಿಗೋ ಮನೆಯ ಹಿರಿಯರಿಗೋ ವರ್ಷ ವರ್ಷ ಗೌರವದಿಂದ ಕೊಡುವ ಹಣ ಅದು. ಐರ್ಲೆಂಡಿನ ವಾಯವ್ಯ ಮೂಲೆಯ ಡೊನೆಗಾಲಿನ ಬಡ ರೈತ ಬ್ರಿಟಿಷ್ ಖಜಾನೆಗೆ ವರ್ಷಾಶನ ಕೊಡುತ್ತಿದ್ದ ಎಂದು ಬರೆಯಲು ಕೈ ಬರುವುದಿಲ್ಲ. ‘ಕಂದಾಯ’ ಎನ್ನಬಹುದೆಂದು ಸ್ನೇಹಿತರೊಬ್ಬರು ಸೂಚಿಸಿದರು. ಆದರೆ ಕಂದಾಯಕ್ಕೆ ಕೊನೆಯಿಲ್ಲ, ಇದಕ್ಕೆ ಅವಧಿಯಿದೆ; ಕಂದಾಯ ಕಟ್ಟುವುದರಿಂದ ಹೊಸ ಹಕ್ಕೇನೂ ಕೈಗೂಡುವುದಿಲ್ಲ, ಇದರಿಂದ ಕೈಗೂಡುತ್ತದೆ. ‘ಗೇಣಿ’ ಎಂದರೆ ಜಮೀನುದಾರ ಇನ್ನೂ ಇದ್ದಾನೆ ಎಂದಾಗುತ್ತದೆ. ಕಾಯ್ದೆಯ ಇಡೀ ಉದ್ದೇಶವೇ ಅವನನ್ನು ದಾಟಿ ಹೋಗುವುದಾಗಿತ್ತು.

ಹೀಗೆ ನೋಡಿದರೆ ‘ಸಾಲದ ಕಂತು’ ಸರಿ ಎನಿಸುತ್ತದೆ. ನಮ್ಮ ರೈತರಿಗೆ ತಕಾವಿ ಸಾಲ ಗೊತ್ತು. ಸರ್ಕಾರವೇ ಕೊಟ್ಟು, ಸರ್ಕಾರವೇ ಕಂತುಕಂತಾಗಿ ವಸೂಲು ಮಾಡುತ್ತಿದ್ದ ಸಾಲ. ಆದರೆ ಜಗಳ ಇದ್ದದ್ದೇ ಇದರ ಮೇಲೆ. ಹೊಸ ನಾಡಿನ ಮೊದಲ ಸರ್ಕಾರ, ಅಂದರೆ ಕಾಸ್‌ಗ್ರೇವ್ ಅವರ ಸರ್ಕಾರ, 1923ರಲ್ಲಿ, ಮತ್ತೆ 1926ರಲ್ಲಿ ಲಂಡನ್ನಿನೊಡನೆ ಒಪ್ಪಂದ ಮಾಡಿಕೊಂಡು ‘ಇದು ಸಾಲ, ತೀರಿಸುತ್ತೇವೆ’ ಎಂಬ ನಿಲುವು ತಳೆಯಿತು. ಡೊನೆಗಾಲಿನಲ್ಲಿ ಎಡಪಂಥೀಯ ಹೋರಾಟಗಾರ ಪೀಡರ್ ಓಡೊನೆಲ್ 1926ರಲ್ಲಿ ‘ಕಟ್ಟಬೇಡಿ’ ಎಂಬ ಚಳವಳಿ ಎಬ್ಬಿಸಿದರು. ಒಂದು ಕಾಲದಲ್ಲಿ ಇಂಗ್ಲಿಷರು ಗೆದ್ದುಕೊಂಡ ನೆಲ ಮೂಲತಃ ನಮ್ಮದೇ, ಅದಕ್ಕೆ ಬೆಲೆ ಏಕೆ ತೆರಬೇಕು ಎಂಬುದು ಅವರ ಪ್ರಶ್ನೆ. ಆ ವಾದದಲ್ಲಿ ಇದು ಗೆದ್ದವನಿಗೆ ಸೋತವನು ಒಪ್ಪಿಸುವ ಕಪ್ಪ. ವಿರೋಧಪಕ್ಷದ ನಾಯಕ ಡಿ ವಲೇರಾ ಕಾನೂನಿನ ದಾರಿ ಹಿಡಿದರು: ಐರ್ಲೆಂಡನ್ನು ಎರಡಾಗಿಸಿದ 1920ರ ಬ್ರಿಟಿಷ್ ಕಾಯ್ದೆಯಂತೆ ಉತ್ತರ ಐರ್ಲೆಂಡಿನ ಸರ್ಕಾರ ತನ್ನ ರೈತರ ಆನ್ಯುಯಿಟಿಯನ್ನು ತಾನೇ ಇಟ್ಟುಕೊಳ್ಳುತ್ತಿರುವಾಗ ದಕ್ಷಿಣ ಮಾತ್ರ ಏಕೆ ಕಳಿಸಬೇಕು? 1923ರ ಒಪ್ಪಂದವನ್ನು ಡಾಯ್ಲ್ ಎಂಬ ಅವರ ಸಂಸತ್ತು ಅಂಗೀಕರಿಸಿಯೇ ಇಲ್ಲವಲ್ಲ? 1932ರಲ್ಲಿ ಅಧಿಕಾರಕ್ಕೆ ಬಂದ ಕೂಡಲೇ ಅವರು ಹಣ ತಡೆಹಿಡಿದರು. ಅದೇ ಜುಲೈಯಲ್ಲಿ ಬ್ರಿಟನ್ ಐರಿಷ್ ದನ ಮತ್ತು ಇತರ ಸರಕುಗಳ ಮೇಲೆ ಶೇ. 20ರ ಸುಂಕ ಹೇರಿತು. ಆರು ವರ್ಷದ ಆರ್ಥಿಕ ಸಮರ ಶುರುವಾದದ್ದು ಹೀಗೆ. ದನದ ಬೆಲೆ ಎಷ್ಟು ಕುಸಿಯಿತೆಂದರೆ, ಕರುಗಳನ್ನು ಕೊಂದು ಚರ್ಮ ತಂದೊಪ್ಪಿಸಿದವರಿಗೆ ಐರಿಷ್ ಸರ್ಕಾರವೇ ಹಣ ಕೊಟ್ಟಿತು. 1938ರ ಏಪ್ರಿಲಿನಲ್ಲಿ ಐರ್ಲೆಂಡ್ ಒಮ್ಮೆಗೇ 1 ಕೋಟಿ ಪೌಂಡ್ ಕೊಟ್ಟು ಲೆಕ್ಕ ಚುಕ್ತಾ ಮಾಡಿತು.

ನಾನು ‘ಸಾಲ’ ಎಂದು ಬರೆದರೆ ಕಾಸ್‌ಗ್ರೇವ್ ಗೆದ್ದರು; ‘ಕಪ್ಪ’ ಎಂದು ಬರೆದರೆ ಓಡೊನೆಲ್ ಗೆದ್ದರು. ‘ಕಪ್ಪ’ ಎಂದ ಕೂಡಲೇ ಕನ್ನಡ ಓದುಗರ ಕಣ್ಣಿಗೆ ಕಿತ್ತೂರು ಬಂದು ನಿಲ್ಲುತ್ತದೆ. ಅಲ್ಲಿಂದಾಚೆ ಯಾವ ವಾದವೂ ಕಿವಿಗೆ ಬೀಳುವುದಿಲ್ಲ. ಮೈಸೂರು ಸಂಸ್ಥಾನ ಬ್ರಿಟಿಷರಿಗೆ ಕೊಡುತ್ತಿದ್ದ ‘ಪೊಗದಿ’ಯನ್ನೂ ಯೋಚಿಸಿದೆ. ಅದು ಸರ್ಕಾರ ಸರ್ಕಾರಕ್ಕೆ ಕೊಡುವ ಹಣ. ಲಂಡನ್ನಿಗೆ ಹೋಗುತ್ತಿದ್ದ ಒಟ್ಟು ಮೊತ್ತಕ್ಕೆ ಹೊಂದಬಹುದು, ರೈತ ಕಟ್ಟುತ್ತಿದ್ದ ಪಾಲಿಗೆ ಹೊಂದುವುದಿಲ್ಲ. ಈ ಎರಡು ಪಾವತಿಗಳನ್ನು ಬೇರೆಬೇರೆಯಾಗಿ ಇಡಲೇಬೇಕು. ಏಕೆಂದರೆ ಡಿ ವಲೇರಾ ಹಣ ಕಳಿಸುವುದನ್ನು ನಿಲ್ಲಿಸಿದ ಮೇಲೂ ರೈತರಿಂದ ವಸೂಲಿ ನಿಲ್ಲಲಿಲ್ಲ. 1933ರ ಭೂಕಾಯ್ದೆ ಅದನ್ನು ಅರ್ಧಕ್ಕೆ ಇಳಿಸಿತು, ಅಷ್ಟೇ. ಇದನ್ನು ಮಸುಕಾಗಿಸಿದರೆ ಸಣ್ಣ ರೈತನ ಕಷ್ಟವೇ ಕಥೆಯಿಂದ ಮಾಯವಾಗುತ್ತದೆ.

ಸದ್ಯಕ್ಕೆ ನಾನು ‘ಜಮೀನು ಕಂತು’ ಎಂದು ಬರೆಯುತ್ತಿದ್ದೇನೆ. ‘ಸಾಲ’ ಎಂಬ ಮಾತು ಒಳಗಿಲ್ಲ, ‘ಕಪ್ಪ’ವೂ ಇಲ್ಲ, ವರ್ಷ ವರ್ಷ ಕಟ್ಟಬೇಕು, ಒಂದು ದಿನ ಮುಗಿಯುತ್ತದೆ ಎಂಬುದು ಮಾತ್ರ ಕೇಳಿಸುತ್ತದೆ. ಯಾರ ಪರವೂ ವಾಲದ ಪದ ಬೇಕೆಂಬುದೇ ನನ್ನ ಹಟ. ವಾದವನ್ನು ವಿದ್ಯಾರ್ಥಿಗಳು ಓದಿ ತೀರ್ಮಾನಿಸಲಿ. ಇದಕ್ಕಿಂತ ಒಳ್ಳೆಯದು ಇದ್ದರೆ ದಯವಿಟ್ಟು ತಿಳಿಸಿ.

ಇನ್ನು ಮೂರು ಚಿಕ್ಕ ಪ್ರಶ್ನೆಗಳಿವೆ.

‘ಕಂಜೆಸ್ಟೆಡ್ ಡಿಸ್ಟ್ರಿಕ್ಟ್’ ಎಂಬುದನ್ನು ‘ಜನನಿಬಿಡ ಜಿಲ್ಲೆ’ ಎಂದರೆ ಡಬ್ಲಿನ್ನಿನ ಕೊಳೆಗೇರಿಯ ಚಿತ್ರ ಬರುತ್ತದೆ. ನಿಜಕ್ಕೂ ಅದು ಮೇಯೊ, ಗಾಲ್ವೇ, ಡೊನೆಗಾಲ್, ಕೆರಿಯಂಥ ಪಶ್ಚಿಮ ಕರಾವಳಿಯ ಕಲ್ಲುನೆಲ. 1891ರಲ್ಲಿ ಇದಕ್ಕಾಗಿ ಮಂಡಳಿ ರಚಿಸಿದಾಗ ಇಟ್ಟ ಅಳತೆಯೇ ಬೇರೆ: ಒಂದು ವಿಭಾಗದ ಜಮೀನಿನ ತೆರಿಗೆ ಮೌಲ್ಯವನ್ನು ಜನಸಂಖ್ಯೆಯಿಂದ ಭಾಗಿಸಿದಾಗ ತಲೆಗೆ 30 ಷಿಲಿಂಗಿಗಿಂತ ಕಡಿಮೆ ಬಂದರೆ ಅದು ಕಂಜೆಸ್ಟೆಡ್. ಜನ ವಿರಳವಾಗಿದ್ದರೂ ಆ ನೆಲ ಅವರ ಹೊಟ್ಟೆಗೆ ಸಾಲುವುದಿಲ್ಲ. ‘ನೆಲ ಸಾಲದ ಸೀಮೆ’ ಎಂದರೆ ಎರಡನೆಯ ಪದವನ್ನು ಋಣ ಎಂದೇ ಓದಿಬಿಡುತ್ತಾರೆ, ಈ ಲೇಖನದಲ್ಲಂತೂ ಖಂಡಿತ. ‘ಇಕ್ಕಟ್ಟಿನ ಸೀಮೆ’ ಹೇಗೆ? ಇಕ್ಕಟ್ಟು ಜಾಗಕ್ಕೂ ಬದುಕಿಗೂ ಸಲ್ಲುವ ಮಾತು. 1935ರಲ್ಲಿ ಪಶ್ಚಿಮ ಕರಾವಳಿಯ ಕಾನಮಾರಾದ ಐರಿಷ್ ಭಾಷಿಕ ಕುಟುಂಬಗಳನ್ನು ಮೀದ್ ಜಿಲ್ಲೆಯ ಫಲವತ್ತಾದ ರಾ ಕಾರ್ನ್‌ಗೆ ಕರೆತಂದು ಜಮೀನು ಕೊಟ್ಟದ್ದನ್ನೂ ಆಗ ‘ಇಕ್ಕಟ್ಟಿನ ಸೀಮೆಯಿಂದ ಬಂದವರು’ ಎಂದು ಸರಾಗವಾಗಿ ಬರೆಯಬಹುದು.

ಎರಡನೆಯದು ಹನ್ನೊಂದು ತಿಂಗಳ ಗುತ್ತಿಗೆ. ವರ್ಷ ತುಂಬಿದರೆ ಗೇಣಿದಾರನಿಗೆ ಹಕ್ಕು ಹುಟ್ಟೀತೆಂದು ಹುಲ್ಲುಗಾವಲಿನ ಒಡೆಯರು ಹನ್ನೊಂದೇ ತಿಂಗಳಿಗೆ ಬಿಡುತ್ತಿದ್ದರು. ಪದ ಸುಲಭ, ಆದರೆ ನಮ್ಮ ಓದುಗರು ಬಾಡಿಗೆ ಮನೆಯ ಕರಾರನ್ನು ನೆನೆದಾರು. ‘ಚಾಲಗೇಣಿ’ ಹತ್ತಿರವಾದೀತೆ? ಮೂಲಗೇಣಿಯ, ಅಂದರೆ ಶಾಶ್ವತ ಗೇಣಿಯ, ಭದ್ರತೆ ಇಲ್ಲದ್ದು ಎಂಬ ಅಂಶವನ್ನು ಅದು ಚೆನ್ನಾಗಿ ಹೇಳುತ್ತದೆ.

ಮೂರನೆಯದು ‘ಗೊಂಬೀನ್’. ಬಡ್ಡಿ ಎಂಬ ಅರ್ಥದ ಐರಿಷ್ ಪದದಿಂದ ಬಂದದ್ದು. ಊರಿನ ಅಂಗಡಿಯವನೇ ಉದ್ರಿ ಕೊಟ್ಟು, ಬಡ್ಡಿ ಏರಿಸಿ, ರೈತನ ಮೊಟ್ಟೆ ಬೆಣ್ಣೆಯನ್ನೂ ತಾನೇ ಕೊಳ್ಳುವ ಪದ್ಧತಿ. ಜಾತಿಯ ಹೆಸರು ತಗಲುವ ಪದ ಬೇಡ. ‘ಉದ್ರಿ ಸಾಹುಕಾರ’ ಎಂದು ಇಟ್ಟಿದ್ದೇನೆ.

ಕರಾವಳಿ ಮತ್ತು ಮಲೆನಾಡಿನ ಸದಸ್ಯರಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ. 1974ರ ಭೂಸುಧಾರಣೆಯ ನಂತರ ಭೂನ್ಯಾಯ ಮಂಡಳಿಯಲ್ಲಿ ಹಕ್ಕು ಪಡೆದ ಒಕ್ಕಲುಗಳು ಸರ್ಕಾರಕ್ಕೆ ಪ್ರೀಮಿಯಂ ಕಟ್ಟಬೇಕಿತ್ತು. ಆ ಹಣವನ್ನು ನಿಮ್ಮ ಮನೆಯ ಹಿರಿಯರು ಮಾತಿನಲ್ಲಿ ಏನೆಂದು ಕರೆಯುತ್ತಿದ್ದರು? ಒಡೆಯನಾಗಲು ಉಳುವವನೇ ಸರ್ಕಾರಕ್ಕೆ ಕಟ್ಟುವ ಹಣಕ್ಕೆ ಜನರ ಬಾಯಲ್ಲಿ ಬೇರೆಯದೇ ಹೆಸರಿದ್ದರೆ, ನಾನು ಹುಡುಕುತ್ತಿರುವ ಪದ ಅದೇ ಆಗಿರಬಹುದು.