ಸ್ಪ್ಯಾನಿಷ್‌ನಲ್ಲಿ ‘ತಡ ಆಯ್ತು’, ‘ಈಗ ಬಂದೆ’ ಅನ್ನೋದು ಹೇಗೆ? ಅನುಭವ ಇರುವವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರಿನಲ್ಲಿ ಓದಲು ಸ್ಪೇನಿನ ವಲೆನ್ಸಿಯಾಗೆ ಹೊರಟಿದ್ದೇನೆ. ಮೊಬೈಲ್ ಆ್ಯಪ್‌ನಲ್ಲಿ ಸ್ಪ್ಯಾನಿಷ್ ಶುರು ಮಾಡಿದ್ದೇನೆ. ಅಂಕಿ, ವಾರದ ಹೆಸರು ಬರುತ್ತವೆ. ಆದರೆ ಆ್ಯಪ್ ಕಲಿಸೋದೆಲ್ಲ ‘ಆಮೆ ಹಾಲು ಕುಡಿಯುತ್ತದೆ’ ಥರದ ವಾಕ್ಯ. ಕ್ಲಾಸಿಗೆ ತಡವಾದರೆ, ಯಾರಿಗಾದರೂ ಸಿಗೋ ಟೈಮ್ ಹೇಳಬೇಕಾದರೆ, ಬಸ್ ತಪ್ಪಿದರೆ ಏನು ಹೇಳಬೇಕು? ಅಲ್ಲಿನವರು ಟೈಮಿಗೆ ಸರಿಯಾಗಿ ಬರುತ್ತಾರಾ?

ಮೈಸೂರಿನಲ್ಲಿ ಸ್ಪ್ಯಾನಿಷ್ ಹೇಳಿಕೊಡುವವರು

ಇಂಗ್ಲಿಷ್ ಹಿಡಿದುಕೊಂಡು ಸ್ಪ್ಯಾನಿಷ್‌ಗೆ ಹೋಗಬೇಡಿ. ಈ ವಿಷಯದಲ್ಲಂತೂ ಕನ್ನಡದಿಂದ ನೇರ ಹೋದರೆ ಸುಲಭ. ‘ಐ ಆ್ಯಮ್ ಲೇಟ್’ ತಲೆಯಲ್ಲಿದ್ದವರು ‘ಸೊಯ್ ತಾರ್ದೆ’ ಅಂದುಬಿಡುತ್ತಾರೆ. ಹಾಗೆ ಯಾರೂ ಹೇಳೋದಿಲ್ಲ. ನಾವು ‘ನನಗೆ ತಡ ಆಯ್ತು’ ಅನ್ನುತ್ತೇವೆ ಅಲ್ವಾ? ಅವರದ್ದೂ ಹಾಗೇ: ‘ಸೆ ಮೆ ಆ ಎಚೊ ತಾರ್ದೆ’. ಇಲ್ಲಿ ‘ಮೆ’ ಅಂದರೆ ನನಗೆ. ಲ್ಯಾಟಿನ್ ಅಮೆರಿಕದಲ್ಲಿ ಇದೇ ಮಾತು ‘ಸೆ ಮೆ ಇಸೊ ತಾರ್ದೆ’ ಆಗುತ್ತದೆ.

ಇನ್ನೂ ದಾರಿಯಲ್ಲಿದ್ದರೆ ಫೋನಿನಲ್ಲಿ ‘ಬೊಯ್ ಅ ಯೆಗಾರ್ ತಾರ್ದೆ’, ಬರೋದು ತಡ ಆಗುತ್ತೆ. ಕ್ಲಾಸಿನ ಬಾಗಿಲಲ್ಲಿ ನಿಂತು ‘ಪೆರ್ದೊನ್ ಪೊರ್ ಯೆಗಾರ್ ತಾರ್ದೆ’, ತಡವಾಗಿ ಬಂದದ್ದಕ್ಕೆ ಕ್ಷಮಿಸಿ. ಅಷ್ಟು ಹೇಳಿ ಕೂತುಕೊಳ್ಳಿ, ಕಾರಣದ ಪುರಾಣ ಬೇಡ. ‘ತಾರ್ದೆ’ಯನ್ನು ನಮ್ಮ ತ, ದ ಹಾಕಿಯೇ ಹೇಳಿ, ಟ, ಡ ಅಲ್ಲ. ಇಂಗ್ಲಿಷಿನವರು ಒದ್ದಾಡೋ ಈ ಉಚ್ಚಾರ ನಮಗೆ ಪುಕ್ಕಟೆ ಸಿಕ್ಕಿದೆ.

ಗಂಟೆಗೆ ಬರೋಣ. ‘ಸೊನ್ ಲಾಸ್ ಓಚೊ’ ಅಂದರೆ ಈಗ ಎಂಟು ಗಂಟೆ. ‘ಅ ಲಾಸ್ ಓಚೊ’ ಅಂದರೆ ಎಂಟು ಗಂಟೆಗೆ. ಸರಿಯಾಗಿ ಎಂಟಕ್ಕೆ ಅನ್ನಲು ಕೊನೆಯಲ್ಲಿ ‘ಎನ್ ಪುಂತೊ’ ಸೇರಿಸಿ. ಒಂದು ಗಂಟೆಗೆ ಮಾತ್ರ ಏಕವಚನ: ‘ಅ ಲಾ ಉನಾ’. ಎಂಟೂಕಾಲು ‘ಓಚೊ ಇ ಕ್ವಾರ್ತೊ’, ಎಂಟೂವರೆ ‘ಓಚೊ ಇ ಮೇದಿಯಾ’. ಇಲ್ಲಿಯವರೆಗೆ ನಮ್ಮ ಥರಾನೇ. ಮುಕ್ಕಾಲಿನಲ್ಲಿ ಮಾತ್ರ ಹುಷಾರು! ಏಳೂಮುಕ್ಕಾಲನ್ನು ಸ್ಪೇನಿನವರು ‘ಓಚೊ ಮೇನೊಸ್ ಕ್ವಾರ್ತೊ’ ಅನ್ನುತ್ತಾರೆ, ಎಂಟರಲ್ಲಿ ಕಾಲು ಕಳೆದದ್ದು. ‘ಓಚೊ’ ಕಿವಿಗೆ ಬಿದ್ದ ತಕ್ಷಣ ಇನ್ನೂ ಟೈಮಿದೆ ಅಂತ ಕೂತರೆ ಕೆಟ್ಟಿರಿ. ಮೆಕ್ಸಿಕೊದಲ್ಲಿ ‘ಕ್ವಾರ್ತೊ ಪಾರಾ ಲಾಸ್ ಓಚೊ’. ಇದು ನಮ್ಮ ‘ಎಂಟಕ್ಕೆ ಕಾಲು ಗಂಟೆ ಇದೆ’ಗೆ ಹತ್ತಿರ.

ಇನ್ನೊಂದು ಎಚ್ಚರಿಕೆ. ರೈಲು ತಡವಾದರೆ ‘ರೆತ್ರಾಸೊ’ ಅನ್ನಬಹುದು. ಅದನ್ನೇ ತಿರುಚಿ ಒಬ್ಬ ಮನುಷ್ಯನಿಗೆ ‘ರೆತ್ರಸಾದೊ’ ಅನ್ನಬೇಡಿ, ಬೈಗುಳವಾಗುತ್ತದೆ.

ವಲೆನ್ಸಿಯಾದಲ್ಲಿ ನೆಲೆಸಿರುವವರು

ಮೇಲಿನವರು ಹೇಳಿದ್ದು ಸರಿ. ಆದರೆ ಒಂದು ಕಡೆ ಕನ್ನಡವೂ ಕೈಕೊಡುತ್ತದೆ. ಮನೆಯಲ್ಲಿ ಯಾರಾದರೂ ಕರೆದರೆ ನಾವು ‘ಬಂದೆ’ ಅನ್ನುತ್ತೇವೆ. ಇಲ್ಲಿ ‘ಬೆಂಗೊ’ (ಬರುತ್ತೇನೆ) ಅನ್ನೋ ಹಾಗಿಲ್ಲ. ‘ಯಾ ಬೊಯ್’ ಅನ್ನಬೇಕು, ಅಂದರೆ ‘ಹೋಗುತ್ತೇನೆ’. ನೀವು ಇರುವ ಜಾಗದಿಂದ ಹೊರಡೋದಾದರೆ ಅದು ಹೋಗೋದೇ, ಕೇಳುವವರು ಎಲ್ಲೇ ಇರಲಿ. ‘ಎಸ್ತೊಯ್ ಯೆಗಾಂದೊ’ ಅಂತಲೂ ಕೇಳುತ್ತೀರಿ, ಹತ್ತಿರ ಬಂದಿದ್ದೇನೆ ಅಂತ. ಸುಮ್ನೆ ನಂಬಬೇಡಿ. ನಮ್ಮ ‘ಸಿಗ್ನಲ್ ಹತ್ರ ಇದೀನಿ’ಗೆ ಇರೋ ಬೆಲೆಯೇ ಅದಕ್ಕೂ.

ಗೆಳೆಯರ ಜೊತೆ ಟೈಮ್ ಗೊತ್ತು ಮಾಡಲು ‘ಅ ಕೆ ಓರಾ ಕೆದಾಮೊಸ್?’, ಎಷ್ಟು ಗಂಟೆಗೆ ಸಿಗೋಣ? ಸ್ಪೇನಿನಲ್ಲಿ ದಿನವೂ ಬೇಕಾಗುವ ವಾಕ್ಯ ಇದು. ಉತ್ತರದಲ್ಲಿ ‘ಸೋಬ್ರೆ ಲಾಸ್ ನುಯೇವೆ’ ಬಂದರೆ ಒಂಬತ್ತರ ಸುಮಾರಿಗೆ ಅಂತ, ಹತ್ತು ನಿಮಿಷ ಆಚೆ ಈಚೆ. ‘ಅ ಮೆದಿಯೊದಿಯಾ’ (ಮಧ್ಯಾಹ್ನಕ್ಕೆ) ಅಂದರೆ ಹನ್ನೆರಡೇ ಅಂದುಕೊಳ್ಳಬೇಡಿ. ಊಟದ ಹೊತ್ತು ಅಂತಲೂ ಆಗಬಹುದು. ಇಲ್ಲಿ ಊಟ ಎರಡರ ಮೇಲೆ, ರಾತ್ರಿಯದ್ದು ಒಂಬತ್ತರ ಮೇಲೆ. ವಲೆನ್ಸಿಯಾ ಇರೋದು ಗ್ರೀನಿಚ್ ರೇಖೆಯ ಪಕ್ಕದಲ್ಲೇ, ಲೆಕ್ಕಕ್ಕೆ ಲಂಡನ್ನಿನ ಟೈಮೇ ಇರಬೇಕಿತ್ತು. ಆದರೆ 1940ರಲ್ಲಿ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟು ಜರ್ಮನಿಯ ಸಮಯಕ್ಕೆ ಹೊಂದಿಸಿತು. ಆಮೇಲೆ ಹಿಂದೆ ತಿರುಗಿಸಲೇ ಇಲ್ಲ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗೋದು ರಾತ್ರಿ ಒಂಬತ್ತೂವರೆಗೆ. ಹಾಗಾಗಿ ಎಂಟು ಗಂಟೆಗೂ ‘ದೆ ಲಾ ತಾರ್ದೆ’ ಅನ್ನುತ್ತಾರೆ. ಈ ‘ತಾರ್ದೆ’ ಅಂದರೆ ಮಧ್ಯಾಹ್ನದಿಂದ ಸಂಜೆಯವರೆಗಿನ ಹೊತ್ತು, ತಡ ಅಲ್ಲ.

ರೇಡಿಯೊ ಕೇಳಿ ಅಭ್ಯಾಸ ಮಾಡಿ. ಗಂಟೆ ಹೇಳಿದ ಮೇಲೆ ‘ಉನಾ ಓರಾ ಮೇನೊಸ್ ಎನ್ ಕನಾರಿಯಾಸ್’ ಅಂತ ಬರುತ್ತದೆ. ಸ್ಪೇನಿಗೇ ಸೇರಿದ ಕೆನರಿ ದ್ವೀಪಗಳ ಗಡಿಯಾರ ಒಂದು ಗಂಟೆ ಹಿಂದೆ.

ಜನ ಟೈಮಿಗೆ ಬರುತ್ತಾರಾ ಅಂದಿರಿ. ಕ್ಲಾಸಿಗೆ, ಡಾಕ್ಟರ ಹತ್ತಿರ, ಸರ್ಕಾರಿ ಕಚೇರಿಗೆ ನೀವಂತೂ ಸರಿಯಾಗಿ ಹೋಗಿ. ಮನೆಗೆ ಊಟಕ್ಕೆ ಕರೆದರೆ ಹತ್ತು ನಿಮಿಷ ಬಿಟ್ಟು ಹೋದರೂ ನಡೆಯುತ್ತದೆ. ಮುಂಚೆ ಹೋಗಬೇಡಿ, ಅಡುಗೆ ಆಗಿರೋದಿಲ್ಲ.

ಬೆಂಗಳೂರಿನಿಂದ ಮೆಕ್ಸಿಕೊ ತಂಡದ ಜೊತೆ ಕೆಲಸ ಮಾಡುವವರು

ನೀವು ಹೋಗೋದು ಸ್ಪೇನಿಗೆ, ಆದರೂ ಕ್ಲಾಸಿನಲ್ಲಿ ಲ್ಯಾಟಿನ್ ಅಮೆರಿಕದವರು ಸಿಕ್ಕೇ ಸಿಗುತ್ತಾರೆ. ‘ಅವೊರಿತಾ’ ಅನ್ನೋ ಪದ ನೆನಪಿಡಿ. ಮೆಕ್ಸಿಕೊದವರ ಬಾಯಲ್ಲಿ ಅದು ಈಗಲೇ ಆಗಬಹುದು, ಸ್ವಲ್ಪ ಹೊತ್ತಿಗೆ ಆಗಬಹುದು, ಯಾವತ್ತೂ ಆಗದೇ ಇರಲೂಬಹುದು. ಕ್ಯೂಬಾ ಕಡೆ ‘ಆಮೇಲೆ’ ಅಂತಲೇ ಅರ್ಥ. ನಿಜಕ್ಕೂ ಈಗಲೇ ಬೇಕಿದ್ದರೆ ನಾನು ‘ಅವೊರಾ ಮಿಸ್ಮೊ’ ಅನ್ನುತ್ತೇನೆ. ಜೊತೆಗೆ ಗಂಟೆಯನ್ನೂ ಹೇಳಿಬಿಡುತ್ತೇನೆ.

‘ಪ್ರೊಂತೊ’ದ್ದೂ ಇದೇ ಕಥೆ. ಸ್ಪೇನಿನಲ್ಲಿ ‘ಯೆಗಾರ್ ಪ್ರೊಂತೊ’ ಅಂದರೆ ಮುಂಚೆಯೇ ಬರೋದು. ಮೆಕ್ಸಿಕೊದವರು ಅದಕ್ಕೆ ‘ತೆಂಪ್ರಾನೊ’ ಅನ್ನುತ್ತಾರೆ. ‘ಪ್ರೊಂತೊ’ ಅವರಿಗೆ ಬೇಗ, ಸದ್ಯದಲ್ಲೇ ಅಂತ.

ಲಿಮಾದಲ್ಲಿ ಕೆಲವು ಕಾಲ ಇದ್ದವರು

ಪೆರುವಿನಲ್ಲಿ ತಡವಾಗಿ ಬರೋದಕ್ಕೆ ‘ಓರಾ ಪೆರುವಾನಾ’ ಅಂತಲೇ ಹೆಸರು. ನಮ್ಮ ‘ಇಂಡಿಯನ್ ಟೈಮ್’ ಇದ್ದ ಹಾಗೆ. 2007ರ ಮಾರ್ಚ್ 1ರಂದು ಅಲ್ಲಿನ ಸರ್ಕಾರ ‘ಲಾ ಓರಾ ಸಿನ್ ದೆಮೋರಾ’, ಅಂದರೆ ತಡವಿಲ್ಲದ ಗಂಟೆ, ಅಂತ ಒಂದು ಅಭಿಯಾನವನ್ನೇ ಶುರು ಮಾಡಿತ್ತು. ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ ಸೈರನ್, ಚರ್ಚಿನ ಗಂಟೆ ಎಲ್ಲ ಬಾರಿಸಿ, ಎಲ್ಲರೂ ಗಡಿಯಾರ ಸರಿಮಾಡಿಕೊಳ್ಳಿ ಅಂದರು. ಪಾರ್ಟಿಗಳಿಗೆ ಅದೇನೂ ತಾಕಿದ ಹಾಗೆ ನನಗೆ ಕಾಣಲಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಬಸ್, ರೈಲು ತಪ್ಪಿದರೆ ಏನನ್ನಬೇಕು ಅಂತ ಯಾರೂ ಹೇಳಲಿಲ್ಲ!

ವಲೆನ್ಸಿಯಾದಲ್ಲಿ ನೆಲೆಸಿರುವವರು

ಹೌದಲ್ಲ. ‘ಎ ಪೆರ್ದಿದೊ ಎಲ್ ಔತೊಬುಸ್’. ಬಸ್ ಕಳೆದುಕೊಂಡೆ ಅಂತ. ಕೂದಲೆಳೆಯಲ್ಲಿ ಹತ್ತಿಬಿಟ್ಟರೆ ‘ಪೊರ್ ಲೊಸ್ ಪೇಲೊಸ್’ ಅನ್ನಿ, ಅಲ್ಲೂ ಕೂದಲೇ. ಮ್ಯಾಡ್ರಿಡ್‌ನಿಂದ ಇಲ್ಲಿಗೆ 2010ರಿಂದ ಆವೆ ಅನ್ನೋ ಹೈಸ್ಪೀಡ್ ರೈಲಿದೆ, ಎರಡು ಗಂಟೆಯೊಳಗೆ ಬರುತ್ತದೆ. ಅದು ಟೈಮಿಗೆ ಹೊರಡೋದು ಜಾಸ್ತಿ, ನಿಮಗಾಗಿ ಕಾಯೋದಿಲ್ಲ. ಲಗೇಜ್ ಸ್ಕ್ಯಾನ್ ಬೇರೆ ಇರುತ್ತದೆ, ಅರ್ಧ ಗಂಟೆ ಮುಂಚೆ ಸ್ಟೇಷನ್ನಿನಲ್ಲಿರಿ. ರೈಲೇ ತಡವಾದರೆ ಬೋರ್ಡಿನಲ್ಲಿ ‘ರೆತ್ರಸಾದೊ’ ಅಂತ ಬರುತ್ತದೆ. ರೈಲಿಗೆ ಆ ಪದ ಹೇಳಬಹುದು, ಬೇಜಾರು ಮಾಡಿಕೊಳ್ಳೋದಿಲ್ಲ.