ಅಪ್‌ಡೇಟ್: ಅವ್ವನ ಬೆನ್ನಿಗೆ ರಾಡ್ ಹಾಕಿಸಿದೆವು

ಹೋದ ತಿಂಗಳು ಕೇಳಿದ್ದೆ, ನೆನಪಿರಬಹುದು. ಅವ್ವನಿಗೆ 61, ಸ್ತನ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದೆ, ಆಪರೇಷನ್ ಬೇಕಾ, ಬರೀ ರೇಡಿಯೇಷನ್ ಸಾಕಾ ಅಂತ.

ಆಪರೇಷನ್ ಆಗಿ ಇವತ್ತಿಗೆ 24 ದಿನ. ವಾಕರ್ ಹಿಡಿದು ಪಡಸಾಲೆಯಿಂದ ತುಳಸಿಕಟ್ಟೆ ತನಕ ನಡೆಯುತ್ತಾಳೆ.

ಎಂಆರ್‌ಐ, ಸಿಟಿ ನೋಡಿ ಸರ್ಜನ್ 'ಸಿನ್ಸ್' ಅನ್ನೋ ಸ್ಕೋರ್ ಹಾಕಿದರು. 18ಕ್ಕೆ 14 ಬಂತು. 13 ಅಥವಾ ಜಾಸ್ತಿ ಬಂದರೆ ಬೆನ್ನಿಗೆ ಭದ್ರ ಇಲ್ಲ ಅಂತ ಅರ್ಥ. "ರೇಡಿಯೇಷನ್ ಗಡ್ಡೆ ಕುಗ್ಗಿಸುತ್ತೆ, ಕುಸಿದ ಮೂಳೆಗೆ ಆಸರೆ ಕೊಡಲ್ಲ" ಅಂದರು. ಕೆಟ್ಟ ಮೂಳೆಯ ಮೇಲೆ ಎರಡು, ಕೆಳಗೆ ಎರಡು ಮೂಳೆಗೆ ಸ್ಕ್ರೂ ಹಾಕಿ ಟೈಟಾನಿಯಂ ರಾಡ್ ಕೂಡಿಸಿದ್ದಾರೆ. ನರದ ಮೇಲಿನ ಒತ್ತಡವನ್ನೂ ತೆಗೆದರು. ಇದು ಕ್ಯಾನ್ಸರ್ ವಾಸಿಗಲ್ಲ, ನೋವು ಇಳಿಸಿ ಕಾಲು ಉಳಿಸೋದಕ್ಕೆ ಅಂತ ಮೂರು ಸಲ ಹೇಳಿಯೇ ಸಹಿ ಹಾಕಿಸಿಕೊಂಡರು.

ಸಿರುಗುಪ್ಪದಿಂದ ಬೆಂಗಳೂರಿಗೆ ಆಂಬುಲೆನ್ಸ್. ತೆಕ್ಕಲಕೋಟೆ ದಾಟೋ ತನಕ ಒಂದೊಂದು ಗುಂಡಿಗೂ ನನ್ನ ಕೈ ಹಿಚುಕುತ್ತಿದ್ದಳು.

ನನ್ನ ಸಿಟ್ಟು ಒಂದೇ. ರಾತ್ರಿ ಮಲಗಿದರೆ ನೋವು ಜಾಸ್ತಿ ಅಂತ ಅವ್ವ ಎರಡು ತಿಂಗಳು ಹೇಳಿದಳು. ಇಲ್ಲಿನ ಡಾಕ್ಟರು ಸುಮ್ನೆ ಮುಲಾಮು ಬರೆದರು. ಕ್ಯಾನ್ಸರ್ ಇದ್ದವರಿಗೆ ಹೊಸ ಬೆನ್ನುನೋವು ಬಂದರೆ ಆಗಲೇ ಸ್ಕ್ಯಾನ್ ಬೇಕಿತ್ತು, ಅಲ್ವಾ? ಕಾಲು ಪೂರ್ತಿ ಬಿದ್ದ ಮೇಲೆ ಆಪರೇಷನ್ ಮಾಡಿದರೂ ಮತ್ತೆ ನಡೆಯೋದು ಕಷ್ಟವಂತೆ. ನಮ್ಮ ಪುಣ್ಯ, ಅಷ್ಟರಲ್ಲಿ ಹೋದೆವು.

ಮೊದಲ ವಾರ ಮಗ್ಗುಲು ಬದಲಿಸೋಕೆ ಇಬ್ಬರು ಬೇಕಿತ್ತು. ಮೈ ತಿರುಚದಂತೆ, ಚಾದರ ಹಿಡಿದು ದಿಮ್ಮಿ ಉರುಳಿಸಿದ ಹಾಗೆ.

ಹೊಲಿಗೆ ಗಾಯ ಒಣಗಿದೆ. ಸೋಮವಾರದಿಂದ ರೇಡಿಯೇಷನ್. ಈ ಬಿಸಿಲಲ್ಲಿ ಬೆಲ್ಟ್ ಹಾಕಿಕೋ ಅಂದರೆ ಮಾತ್ರ ನನಗೇ ಬೈಯುತ್ತಾಳೆ.