ಅಜ್ಜ ಹೂಂ ಅಂದ

"ಸ್ಟಾರ್ಟ್ ಮಾಡು, ನೋಡೋಣ," ಎಂದರು ರಾಯರು.

ಕಿಟ್ಟಿ ಕೀಲಿ ತಿರುಗಿಸಿದ. ಅವನ ಹಳೇ ಮಾರುತಿ ಎಸ್ಟೀಮ್ ಕಾರು ಒಮ್ಮೆ ಕೆಮ್ಮಿತು. ಆಮೇಲೆ ಜ್ವರ ಬಂದವರ ಹಾಗೆ ಗಡಗಡ ನಡುಗುತ್ತಾ ನಿಂತಿತು. ಡ್ಯಾಶ್‌ಬೋರ್ಡ್ ಮೇಲಿದ್ದ ತಂಜಾವೂರಿನ ಅಜ್ಜನ ಬೊಂಬೆ ತಲೆಯಾಡಿಸತೊಡಗಿತು.

"ಪ್ಲಗ್ಗು," ಎಂದ ಗುಂಡ.

ಅಜ್ಜ ಹೂಂ ಅಂದ.

"ಹೊಸದು ಹಾಕಿಸಿ ಹದಿನೈದು ದಿನ ಆಯ್ತು."

"ಹಾಗಾದ್ರೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್."

ಅಜ್ಜ ಅದಕ್ಕೂ ಹೂಂ ಅಂದ.

"ಕ್ಲೀನ್ ಮಾಡಿಸಿದೆ. ಥ್ರಾಟಲ್ ಬಾಡಿನೂ ಆಯ್ತು. ಪೆಟ್ರೋಲ್ ಫಿಲ್ಟರ್ ಬದಲಾಯಿಸಿದೆ. ಇಲ್ಲಿಗೆ 11,000 ರೂಪಾಯಿ."

"ಪಂಪ್ ಒಂದು ಬಾಕಿ ಇದೆ. ನೋಡು, ಅಜ್ಜನೂ ಒಪ್ತಿದ್ದಾನೆ."

"ಈ ಅಜ್ಜ ಸರಿಯಾದ ಡಾಕ್ಟ್ರು," ಎಂದರು ರಾಯರು. "ಯಾರು ಯಾವ ರೋಗ ಹೇಳಿದ್ರೂ ಇರಬಹುದು ಅಂತಾನೆ. ಫೀಸು ಮಾತ್ರ ಕಿಟ್ಟಿ ಬೇರೆಯವರಿಗೆ ಕೊಡ್ತಾನೆ. 85 ಕುದುರೆಯ ಗಾಡಿ, ಅರ್ಧಕ್ಕರ್ಧ ಕುದುರೆ ರಜೆ ಹಾಕಿವೆ."

ಸತೀಶ ಜೇಬಿನಿಂದ ಹೆಬ್ಬೆರಳಿನಷ್ಟು ದೊಡ್ಡ ಡಬ್ಬಿ ತೆಗೆದ. "ನಿಮ್ಮದೆಲ್ಲಾ ಸುಮ್ನೆ ಊಹೆ. ಡೇಟಾ ನೋಡಬೇಕು. ಇದನ್ನ ಚುಚ್ಚಿದ್ರೆ ಸಾಕು, ಗಾಡಿಯ ಜಾತಕ ಫೋನಿನಲ್ಲಿ ಬರುತ್ತೆ."

ಸ್ಟಿಯರಿಂಗ್ ಕೆಳಗೆ ನುಸುಳಿದ. ಹತ್ತು ನಿಮಿಷ ಕಾಲು ಮಾತ್ರ ಹೊರಗೆ ಕಾಣುತ್ತಿತ್ತು.

"ಸಾಕೆಟ್ ಎಲ್ಲಿ?"

"ಯಾವ ಸಾಕೆಟ್?"

"ಹದಿನಾರು ಪಿನ್ನಿಂದು."

"ಇದು 2000ದ ಗಾಡಿ ಕಣೋ," ಎಂದರು ರಾಯರು. "ನಿನ್ನ ಡಬ್ಬಿ ಕೇಳೋ ವ್ಯವಸ್ಥೆ ನಮ್ಮಲ್ಲಿ ಕಡ್ಡಾಯ ಆಗಿದ್ದೇ 2010ರ ಈಚೆಗೆ. ಬಾಯಿಲ್ಲದವನ ಮುಂದೆ ಮೈಕ್ ಹಿಡಿದಿದ್ದೀಯ. ಈಗ ಇದೇ ಆಗಿದೆ. ರಾತ್ರಿ ವಿಡಿಯೋ ನೋಡೋದು, ಬೆಳಿಗ್ಗೆ ಪಾರ್ಟು ತರಿಸೋದು. ರಿಪೇರಿ ಅನ್ನೋ ಮಾತೇ ಇಲ್ಲ. ತಲೆನೋವು ಅಂದ್ರೆ ತಲೆ ಬದಲಾಯಿಸೋ ಜನ!"

"ನೀವು ಏನೇ ಹೇಳಿ, ಇದು ಎಥೆನಾಲ್ ಮಹಿಮೆ," ಎಂದರು ಶೆಟ್ರು. "ಬಂಕಿನಲ್ಲಿ ಹಾಕೋ ನೂರು ಲೀಟರಿನಲ್ಲಿ 20 ಲೀಟರ್ ಅದೇ ಇರುತ್ತೆ."

"ಅಂದ್ರೆ ಮಂಡ್ಯದ ಕಬ್ಬು ಕುಡಿದು ಗಾಡಿ ತೂರಾಡ್ತಿದೆ ಅಂತೀರಾ?"

ಅಜ್ಜ ಹೂಂ ಅಂದ.

"ಅವನೂ ಕುಡಿದಿದ್ದಾನೆ ಬಿಡಿ."

"ಕಾರ್ಬುರೇಟರ್ ಕಾಲವೇ ಚೆನ್ನಾಗಿತ್ತು ರಾಯರೇ. ಚೋಕ್ ಎಳೆದ್ರೆ ಸ್ಟಾರ್ಟ್. ಒಂದು ಸ್ಕ್ರೂ ತಿರುಗಿಸಿದ್ರೆ ಟ್ಯೂನಿಂಗ್."

"ಮಳೆಗಾಲದ ಬೆಳಿಗ್ಗೆ ನಿಮ್ಮ ಆ ಹಳೇ ಗಾಡಿಯನ್ನ ಗಾಂಧಿ ಬಜಾರಿನ ತನಕ ತಳ್ಳಿದವನು ನಾನು. ನಿಮಗೆ ಚೋಕಿನ ನೆನಪು. ನನಗೆ ಸೊಂಟದ ನೆನಪು."

ಮಾತು ಅಲ್ಲಿಂದ ಸೊಂಟಕ್ಕೆ, ಸೊಂಟದಿಂದ ಬೆಲ್ಟಿಗೆ, ಬೆಲ್ಟಿನಿಂದ ಗುಂಡನ ಮಾವನ ಆಪರೇಷನ್ನಿಗೆ ಹೋಯಿತು. ಗಾಡಿ ಅಲ್ಲೇ ನಡುಗುತ್ತಿತ್ತು. ಕೊನೆಗೆ ಕಿಟ್ಟಿಯೇ, "ಪಾಷಾ ಹತ್ರ ಹೋಗೋಣ್ವಾ?" ಎಂದ. ಅಜ್ಜನನ್ನು ಯಾರೂ ಕೇಳಲಿಲ್ಲ. ಆದರೂ ಹೂಂ ಅಂದ.

ಕಲಾಸಿಪಾಳ್ಯದ ಪಾಷಾ ಶೆಡ್ಡಿನಲ್ಲಿ ಈಗ ಇರುವುದು ಒಂದು ಬೆಂಚು, ಒಂದು ರೇಡಿಯೋ, ಮತ್ತೆ ಪಾಷಾ. 2000ದಲ್ಲಿ ಹೊಗೆಯ ಹೊಸ ನಿಯಮ ಬಂದು ಇಂಜೆಕ್ಷನ್ ಗಾಡಿಗಳು ಬರತೊಡಗಿದಾಗ, ಅಕ್ಕಪಕ್ಕದ ಮೆಕ್ಯಾನಿಕ್‌ಗಳು ಬಾನೆಟ್ ಎತ್ತಿ ನೋಡಿ ಹಾಗೇ ಮುಚ್ಚುತ್ತಿದ್ದರು. ಪಾಷಾ ಮಾತ್ರ ಕೂತು ಕಲಿತ. ಅವನ ಮಗ ಈಗ ಏಸಿ ಇರುವ ಕಡೆ ಕೆಲಸಕ್ಕೆ ಹೋಗುತ್ತಾನೆ. ಅಲ್ಲಿ ಲ್ಯಾಪ್‌ಟಾಪ್ ಇದೆ.

ಪಾಷಾ ಉದ್ದನೆಯ ಸ್ಕ್ರೂಡ್ರೈವರ್ ತಂದ. ತುದಿಯನ್ನು ಇಂಜೆಕ್ಟರ್ ಮೇಲಿಟ್ಟು, ಹಿಡಿಗೆ ಕಿವಿ ಕೊಟ್ಟ. ನಾಲ್ಕಕ್ಕೂ ಹಾಗೇ ಮಾಡಿದ.

"ಸತೀಶ, ಇದಕ್ಕೆ ಚಾರ್ಜಿಂಗ್ ಬೇಡ, ನೋಡ್ಕೋ," ಎಂದರು ರಾಯರು.

"ನಾಲ್ಕೂ ಟಿಕ್ ಟಿಕ್ ಅಂತಿವೆ ಸಾರ್." ಆಮೇಲೆ ಒಂದೊಂದೇ ಇಂಜೆಕ್ಟರಿನ ವೈರ್ ಕಿತ್ತು, ಮತ್ತೆ ಸಿಕ್ಕಿಸಿದ. ಪ್ರತಿ ಸಲವೂ ಎಂಜಿನ್ ಒಂದೇ ರೀತಿ ಸೊರಗಿತು. "ಒಬ್ಬ ಕೆಲಸಗಳ್ಳ ಆಗಿದ್ರೆ, ಅವನನ್ನ ಕಿತ್ತರೂ ವ್ಯತ್ಯಾಸ ಗೊತ್ತಾಗ್ತಿರಲಿಲ್ಲ. ಇದು ನಾಲ್ಕು ಜನಕ್ಕೂ ಸೇರಿದ ಕಷ್ಟ."

ಎಂಜಿನ್ ಆಫ್ ಮಾಡಿಸಿ ಕೀಲಿ ಆನ್ ಮಾಡಿಸಿದ. ಗಾಡಿಯ ಕಂಪ್ಯೂಟರಿನ ತಪಾಸಣೆಗೆಂದೇ ಇರುವ ಎರಡು ಪಿನ್ನಿಗೆ ತುಂಡು ವೈರ್ ಸಿಕ್ಕಿಸಿದ. ಮೀಟರಿನಲ್ಲಿ ಎಂಜಿನ್ ದೀಪ ಒಮ್ಮೆ ಮಿನುಗಿತು, ತಡೆದು ಎರಡು ಸಲ ಮಿನುಗಿತು.

"ಒಂದು, ಎರಡು. ಕೋಡ್ ಹನ್ನೆರಡು. ಹಂಗಂದ್ರೆ ಎಲ್ಲಾ ಸರಿ ಇದೆ ಅಂತ."

"ಸರಿ ಇದೆಯಾ!"

"ರಿಪೋರ್ಟ್ ನಾರ್ಮಲ್, ಪೇಶೆಂಟ್ ಮಾತ್ರ ನಡುಗ್ತಿದ್ದಾನೆ," ಎಂದರು ರಾಯರು.

ಪಾಷಾ ಒಂದು ಪ್ಲಗ್ ಬಿಚ್ಚಿದ. ಹದಿನೈದು ದಿನದ ಪ್ಲಗ್ಗಿಗೆ ಕಾಡಿಗೆ ಮೆತ್ತಿತ್ತು. "ಎಥೆನಾಲ್ ಆಗಿದ್ರೆ ಪೆಟ್ರೋಲ್ ಸಾಲದೆ ಇದು ಬೆಳ್ಳಗಿರಬೇಕು. ಇದು ಕಪ್ಪು. ಪೆಟ್ರೋಲ್ ಜಾಸ್ತಿ ಆಗಿದೆ. ಹಳೇ ಪ್ಲಗ್ ಯಾವ ಬಣ್ಣ ಇತ್ತು?"

ಕಿಟ್ಟಿ ತಲೆ ಕೆರೆದುಕೊಂಡ. "ನೋಡ್ಲಿಲ್ಲ. ಬಿಸಾಡಿದೆ."

"ಬಂದ ಕಾಗದ ಓದದೆ ಹರಿದು, ಹೊಸ ಲಕೋಟೆ ಕೊಂಡು ತಂದ," ಎಂದರು ರಾಯರು.

ಪಾಷಾನ ಬೆರಳು ಒಂದು ಸಣ್ಣ ರಬ್ಬರ್ ಪೈಪಿನ ಮೇಲೆ ಹೋಯಿತು. ಎಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡಿನಿಂದ, ಅಲ್ಲಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿಗೆ ಹೋಗುವ ಪೈಪು. ಬಗ್ಗಿಸಿದ. ಕೆಳಗಡೆ ಬಾಯಿ ಬಿಟ್ಟಿತ್ತು.

"ಐಡ್ಲಿಂಗ್‌ನಲ್ಲಿ ಇದರೊಳಗೆ ಗಾಳಿ ಕಮ್ಮಿ ಇರಬೇಕು. ಆಕ್ಸಿಲರೇಟರ್ ತುಳಿದ್ರೆ ಒತ್ತಡ ಏರುತ್ತೆ. ಅದನ್ನ ನೋಡಿ ಕಂಪ್ಯೂಟರ್ ಪೆಟ್ರೋಲ್ ಅಳೆದು ಕೊಡುತ್ತೆ. ಇಲ್ಲಿ ಹೊರಗಿನ ಗಾಳಿ ಸೇರ್ಕೊಂಡು, ತುಳೀದೇ ತುಳಿದ ಹಾಗೆ ಕಾಣ್ತಿದೆ."

"ಅಂದ್ರೆ ಗಾಡಿ ನಮ್ಮನೆ ಗೇಟ್ ಮುಂದೆ ನಿಂತಿದೆ. ಕಂಪ್ಯೂಟರ್ ಮಾತ್ರ ನಂದಿ ಬೆಟ್ಟ ಹತ್ತುತ್ತಿದೆ!" ರಾಯರಿಗೆ ಖುಷಿಯೋ ಖುಷಿ.

"ಮತ್ತೆ ಸೆನ್ಸರ್ ಯಾಕೆ ತಪ್ಪು ತೋರಿಸ್ಲಿಲ್ಲ?" ಸತೀಶ ಬಿಡಲಿಲ್ಲ.

"ಸೆನ್ಸರ್ ಸುಳ್ಳು ಹೇಳಿಲ್ಲ ಸಾರ್. ಅದಕ್ಕೆ ಮುಟ್ಟಿದ್ದೇ ಸುಳ್ಳು."

ಶೆಟ್ರು ರಬ್ಬರ್ ಹಾಳಾಗಿದ್ದಾದರೂ ಎಥೆನಾಲಿನಿಂದಲೇ ಅಲ್ವಾ ಎಂದು ಕೊನೆಯ ಪ್ರಯತ್ನ ಮಾಡಿದರು. ಅದರಲ್ಲಿ ಓಡುವುದು ಬರೀ ಗಾಳಿ, ಕಬ್ಬಿನ ತಪ್ಪಿಲ್ಲ, ವಯಸ್ಸಾಗಿದೆ ಅಷ್ಟೇ ಎಂದ ಪಾಷಾ. ಹೊಸ ಪೈಪಿಗೆ 40 ರೂಪಾಯಿ. ಪ್ಲಗ್ ಒರೆಸಿ ಹಾಕಿದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲ.

ಕಿಟ್ಟಿ ಸ್ಟಾರ್ಟ್ ಮಾಡಿದ. ಎಂಜಿನ್ ಓಡುತ್ತಿದೆಯೋ ಇಲ್ಲವೋ ಎಂದು ಗುಂಡ ಇಣುಕಿ ನೋಡುವಷ್ಟು ಮೆತ್ತಗೆ.

"ಅಜ್ಜ ನಿಂತುಬಿಟ್ಟ," ಎಂದ ಸತೀಶ.

ಬೊಂಬೆ ಅಲ್ಲಾಡದೆ ನೆಟ್ಟಗೆ ನೋಡುತ್ತಿತ್ತು. ಕಿಟ್ಟಿ ಸ್ಟಿಯರಿಂಗ್ ಮೇಲೆ ಕೈಯಿಟ್ಟು ಸುಮ್ಮನೆ ಕೂತ. "ಗಾಡಿ ತಗೊಂಡ ವರ್ಷ ತಂಜಾವೂರಿಗೆ ಹೋದಾಗ ಅಪ್ಪ ತಂದಿದ್ದು. ಅಪ್ಪ ನಾನು ಹೇಳಿದ್ದಕ್ಕೆ ಒಂದು ದಿನವೂ ಹೂಂ ಅಂದವರಲ್ಲ. ಈ ಎರಡು ತಿಂಗಳು ಇದರ ಜೊತೆ ಏನೇನೋ ಮಾತಾಡಿದೆ ಕಣ್ರೋ."

ರಾಯರ ಹತ್ತಿರವೂ ಮಾತಿರಲಿಲ್ಲ. ಪಾಷಾ ಬಾನೆಟ್ ಮುಚ್ಚಿದ.

"ಕಾಫಿಗೆ ಹೋಗೋಣ್ವಾ?" ಎಂದರು ಶೆಟ್ರು.

ಯಾರೂ ಉತ್ತರ ಕೊಡುವ ಮೊದಲೇ ಗಾಡಿ ರಸ್ತೆಗಿಳಿದು, ಮೊದಲನೇ ಗುಂಡಿಗೆ ಧಡ್ ಎಂದು ಬಿತ್ತು.

ಅಜ್ಜ ಹೂಂ ಅಂದ.